ಬೆನ್ನುಹುರಿಯ ಬೇನೆಗೆ ಒಡಲೊಳಗಿರಿಸುವ ಪಂಪು: ಮಧುಗಿರಿಯ ಸೀಮೆಯನ್ನು ಕುರಿತು ಒಂದು ವಿಚಾರ

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಒಟ್ಟು ಸೇರಿ ಮಧುಗಿರಿ ಉಪವಿಭಾಗವೆನಿಸಿಕೊಂಡಿವೆ. ಇದು ಮಳೆ ಕಡಮೆಯಾದ, ಬಂಡೆಗುಡ್ಡಗಳು ಹೆಚ್ಚಾದ ಸೀಮೆ. ಹೊಲದ ಬದುಗಳಲ್ಲಿ ಹುಣಿಸೆಯ ಮರಗಳೂ, ನೀರಿರುವೆಡೆಯಲ್ಲಿ ತೆಂಗು ಅಡಕೆಗಳೂ ಇಲ್ಲಿಯ ಒಕ್ಕಲಿಗೆ ಆಧಾರ. ಹುಣಿಸೆಹಣ್ಣು ಬಡಿಯುವ ಕಾಲ ಬಂದಿತೆಂದರೆ ದೋಟಿಯನ್ನು ಹಿಡಿದು ತುದಿಕೊಂಬೆಯವರೆಗೂ ಹೋಗಬಲ್ಲ ಆಳುಗಳಿಗೆ ಕೆಲಸ ದೊರೆಯುವುದು. ಅವರಲ್ಲಿ ಕೆಲವರು ಬೀಳುವುದೂ ಉಂಟು. ತೆಂಗಿನ ಮರದಿಂದ ಬಿದ್ದವರು, ಕಟ್ಟೆಯಿಲ್ಲದ ಹಳೆಯ ಬಾವಿಗೆ ಜಾರಿದವರು, ಶಿರಾ ಪಟ್ಟಣದ ಬದಿಯಲ್ಲಿ ಹಾಯುವ ಹೆದ್ದಾರಿಯಲ್ಲಿ ಮೋಟಾರು ಸೈಕಲ್ಲಿನಿಂದ ಉರುಳಿದವರು, ಹೀಗೆ ಬೆನ್ನೆಲುಬು ಮುರಿದು ಬೆನ್ನುಹುರಿಗೆ ಪೆಟ್ಟು ತಗಲಿದವರು ನಾಲ್ಕು ತಾಲ್ಲೂಕುಗಳಲ್ಲಿಯೂ ಕಾಣಬರುತ್ತಾರೆ. ಬಿದ್ದವನನ್ನು ಹಲಗೆಯ ಮೇಲೆ ನೆಟ್ಟಗೆ ಮಲಗಿಸಿ ಸಾಗಿಸದೆ, ಕಂಬಳಿಯಲ್ಲಿ ಜೋಲಿ ಕಟ್ಟಿ ಒಯ್ಯುವುದರಿಂದ ಅರೆಗೆಟ್ಟಿದ್ದ ಹುರಿಯು ಪೂರ್ಣವಾಗಿ ಕೆಡುವ ಸಂಭವವೂ ಇದೆ.

ಇಂತಹ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳೋಣ. ವಯಸ್ಸು ಮೂವತ್ತೈದು, ಊರು ಪಾವಗಡದ ಕಡೆಯದು, ಜಮೀನು ಮೂರು ಎಕರೆ, ಖುಷ್ಕಿ. ಮರದಿಂದ ಬಿದ್ದು ನಾಲ್ಕು ವರ್ಷಗಳಾಗಿವೆ. ಹೊಕ್ಕುಳಿನಿಂದ ಕೆಳಗೆ ಸ್ಪರ್ಶವಿಲ್ಲ, ಚಲನೆಯಿಲ್ಲ. ಆದರೂ ಆ ಕಾಲುಗಳು ಹಗಲಿರುಳು ಉರಿಯುತ್ತವೆ. ಕೆಂಡದ ಮೇಲೆ ಇಟ್ಟಂತೆ, ಸೂಜಿಗಳಿಂದ ಚುಚ್ಚಿದಂತೆ. ಮಾತ್ರೆಗಳನ್ನು ನುಂಗಿ ಸಾಕಾಗಿದೆ. ಈ ನಡುವೆ, ಹೊಟ್ಟೆಯ ಚರ್ಮದ ಕೆಳಗೆ ಒಂದು ಪಂಪನ್ನಿರಿಸಿ ಬೆನ್ನುಹುರಿಗೇ ಔಷಧವನ್ನು ಹನಿಸುವ ಚಿಕಿತ್ಸೆಯೊಂದಿದೆಯೆಂದೂ, ಅದಕ್ಕೆ ಹಲವು ಲಕ್ಷ ರೂಪಾಯಿ ತಗಲುವುದೆಂದೂ ಯಾರೋ ಹೇಳಿದ್ದಾರೆ. ಎರಡು ಎಕರೆ ಮಾರಿ ಅದನ್ನು ಮಾಡಿಸಬಹುದೆ ಎಂದು ಅಣ್ಣನು ಕೇಳುತ್ತಾನೆ. ತಮ್ಮನಿಗೆ ಏನು ಹೇಳಲೂ ತೋಚದು. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಪಂಪೆಂದರೇನು, ಅದು ಯಾವ ನೋವಿಗೆ ತಕ್ಕುದು, ಯಾವುದಕ್ಕೆ ತಕ್ಕುದಲ್ಲ, ಅದನ್ನು ಇಟ್ಟುಕೊಂಡವನ ಮುಂದಿನ ವರ್ಷಗಳು ಹೇಗೆ ಸಾಗುವುವು ಎಂಬಿಷ್ಟನ್ನು ತಿಳಿದಿರಬೇಕು. ಈ ಲೇಖನದಲ್ಲಿ ಅದನ್ನೇ ವಿವರಿಸಲು ಯತ್ನಿಸಲಾಗಿದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಈ ಸೀಮೆಯವರ ಮಟ್ಟಿಗೆ ಕಠಿನವಾದ ಪ್ರಶ್ನೆ ಶಸ್ತ್ರಕ್ರಿಯೆಯದಲ್ಲ, ಪಂಪಿಗೆ ಮತ್ತೆ ಮತ್ತೆ ಔಷಧ ತುಂಬಿಸುವುದರದು.

ಮೊದಲು ನೋವಿನ ವಿಚಾರ. ಬೆನ್ನುಹುರಿಯು ಮಿದುಳಿನಿಂದ ಹೊರಟು ಬೆನ್ನೆಲುಬಿನ ಕಾಲುವೆಯೊಳಗೆ ಸೊಂಟದ ಮೇಲ್ಭಾಗದವರೆಗೆ ಇಳಿಯುವ, ಹೆಚ್ಚು ಕಡಮೆ ಕಿರುಬೆರಳಿನಷ್ಟು ದಪ್ಪವಾದ ನರಗಳ ಕಟ್ಟು. ಅದರ ಸುತ್ತಲೂ ಒಂದು ಪೊರೆ. ಪೊರೆಯೊಳಗೆ ತಿಳಿನೀರಿನಂತಹ ದ್ರವ. ಹುರಿಯು ಆ ದ್ರವದಲ್ಲಿ ತೇಲುತ್ತಿರುವುದು. ಕೈಕಾಲುಗಳ ಸುದ್ದಿ ಮೇಲಕ್ಕೂ, ಮಿದುಳಿನ ಅಪ್ಪಣೆ ಕೆಳಕ್ಕೂ ಇದರ ಮೂಲಕವೇ ಹೋಗತಕ್ಕದ್ದು. ಹುರಿಯು ತುಂಡಾದಲ್ಲಿ ಕೆಳಗಿನ ಸುದ್ದಿ ಬರುವುದು ನಿಲ್ಲುವುದಾದ್ದರಿಂದ ನೋವೂ ನಿಲ್ಲಬೇಕಷ್ಟೆ ಎಂದು ಯಾರಿಗಾದರೂ ತೋರುವುದು. ವಾಸ್ತವವಾಗಿ ಹಾಗಾಗುವುದಿಲ್ಲ. ಇಂತಹ ಪೆಟ್ಟು ತಗಲಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ದೀರ್ಘಕಾಲದ ನೋವನ್ನು ಅನುಭವಿಸುವರು. ಸುದ್ದಿಯಿಲ್ಲದೆ ಬರಿದಾಗಿ ಕುಳಿತ ನರಕೋಶಗಳು, ಪೆಟ್ಟಾದ ಸ್ಥಳದ ಮೇಲ್ಗಡೆಯಲ್ಲಿಯೂ ಮಿದುಳಿನ ಒಳಭಾಗದಲ್ಲಿಯೂ, ತಾವಾಗಿಯೇ ಮಿಡಿಯತೊಡಗುವುವು. ಅವನ್ನು ತಡೆಯಬೇಕಾದ ಕೋಶಗಳು ಸತ್ತಿರುವುವು ಅಥವಾ ಸೋತಿರುವುವು. ಮಿದುಳು ಆ ಮಿಡಿತವನ್ನು ಕಾಲಿನಿಂದ ಬಂದುದೆಂದೇ ಗ್ರಹಿಸುವುದು. ಆದುದರಿಂದ ಚಿವುಟಿದರೆ ತಿಳಿಯದ ಕಾಲು ಉರಿಯುತ್ತಿದೆಯೆಂದು ರೋಗಿಯು ಹೇಳಿದರೆ ಅದು ಸುಳ್ಳಲ್ಲ, ಭ್ರಮೆಯೂ ಅಲ್ಲ. ಮನೆಯವರು ಇದನ್ನು ನಂಬದಿರುವುದರಿಂದ ಆಗುವ ಸಂಕಟವು ಕೆಲವು ವೇಳೆ ಉರಿಗಿಂತಲೂ ಹೆಚ್ಚಿನದು.

ಆದರೆ ಇದೊಂದೇ ನೋವಲ್ಲ. ೨೦೧೨ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವರ್ಗೀಕರಣವು ಬೆನ್ನುಹುರಿಯ ಪೆಟ್ಟಿನ ಬಳಿಕ ಬರುವ ನೋವುಗಳನ್ನು ಬೇರೆ ಬೇರೆಯಾಗಿ ಎಣಿಸಿದೆ. ಕೈಗಳಿಂದಲೇ ಮೈಯನ್ನು ಎತ್ತಿ ಎತ್ತಿ ಸವೆದ ಹೆಗಲಿನ ನೋವು ಒಂದು. ಮೂತ್ರಕೋಶ ಕರುಳುಗಳ ನೋವು ಇನ್ನೊಂದು. ಪೆಟ್ಟಾದ ಮಟ್ಟದಲ್ಲಿಯೇ ಪಟ್ಟಿ ಬಿಗಿದಂತಿರುವ ನರದ ನೋವು ಮತ್ತೊಂದು. ಆ ಮಟ್ಟದ ಕೆಳಗೆ ಹರಡಿರುವ ಉರಿಯು ಬೇರೊಂದು. ಇವುಗಳ ಜೊತೆಗೆ ಕಾಲುಗಳು ಇದ್ದಕ್ಕಿದ್ದಂತೆ ಸೆಟೆದು ಎಳೆಯುವ ಸ್ನಾಯುಗಳ ಸೆಟೆತವುಂಟು. ರೋಗಿಯ ಬಾಯಿಯಲ್ಲಿ ಇವೆಲ್ಲವೂ ‘ನೋವು’ ಎಂಬ ಒಂದೇ ಮಾತು. ವೈದ್ಯನಿಗೆ ಇವು ಐದು ಬೇರೆ ಕಾರ್ಯಗಳು. ಪಂಪಿನ ವಿಚಾರದಲ್ಲಿ ಈ ಭೇದವು ಎಷ್ಟು ಮುಖ್ಯವೆಂಬುದು ಮುಂದೆ ತಿಳಿಯುವುದು.

ಬೆನ್ನಿನ ದ್ರವದೊಳಕ್ಕೇ ಔಷಧವನ್ನು ಬಿಡುವ ಉಪಾಯವು ಹೊಸದಲ್ಲ. ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬೀರ್ ಎಂಬ ಶಸ್ತ್ರವೈದ್ಯನು ೧೮೯೮ರಲ್ಲಿ ಕೊಕೇನನ್ನು ಹೀಗೆ ಕೊಟ್ಟು ಕೆಳಮೈಯನ್ನು ಮರಗಟ್ಟಿಸಿದನು. ಇಂದು ಹೆರಿಗೆಯ ಶಸ್ತ್ರಕ್ರಿಯೆಗೆ ಬೆನ್ನಿಗೆ ಚುಚ್ಚುವ ಸೂಜಿಯು ಅದರ ಸಂತತಿ. ಆದರೆ ಅಫೀಮಿನ ಸಾರವಾದ ಮಾರ್ಫಿನ್ ಬೆನ್ನುಹುರಿಯಲ್ಲಿ ನೇರವಾಗಿ ಕೆಲಸ ಮಾಡಬಲ್ಲುದೆಂಬ ಅರಿವು ದೃಢವಾದುದು ೧೯೭೦ರ ದಶಕದಲ್ಲಿ. ೧೯೭೩ರಲ್ಲಿ ಪರ್ಟ್ ಮತ್ತು ಸ್ನೈಡರ್ ಎಂಬವರು ನರಗಳಲ್ಲಿ ಅಫೀಮಿನ ಸಾರವು ಹತ್ತಿಕೊಳ್ಳುವ ವಿಶೇಷ ಸ್ಥಾನಗಳಿರುವುದನ್ನು ತೋರಿಸಿದರು. ೧೯೭೬ರಲ್ಲಿ ಯಾಕ್ಷ್ ಮತ್ತು ರೂಡಿ ಎಂಬವರು ಇಲಿಗಳ ಬೆನ್ನಿನ ದ್ರವಕ್ಕೆ ಅತ್ಯಲ್ಪವಾದ ಮಾರ್ಫಿನನ್ನು ಬಿಟ್ಟು ನೋವಡಗುವುದನ್ನು ಕಂಡರು. ೧೯೭೯ರಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದ ವಾಂಗ್ ಮತ್ತು ಅವನ ಸಂಗಡಿಗರು ಎಂಟು ಜನ ಅರ್ಬುದರೋಗಿಗಳಿಗೆ ಇದನ್ನೇ ಕೊಟ್ಟು ಫಲವನ್ನು ವರದಿಮಾಡಿದರು. ಎರಡು ವರ್ಷಗಳ ತರುವಾಯ, ೧೯೮೧ರಲ್ಲಿ, ಅದೇ ಸ್ಥಳದಲ್ಲಿ ಒನೋಫ್ರಿಯೋ ಎಂಬ ಶಸ್ತ್ರವೈದ್ಯನು ಒಡಲೊಳಗಿರಿಸಿದ ಪಂಪಿನಿಂದ ಮಾರ್ಫಿನನ್ನು ಎಡೆಬಿಡದೆ ಹನಿಸಿದುದನ್ನು ಪ್ರಕಟಿಸಿದನು. ಆ ಪಂಪು ಮಿನ್ನೆಸೋಟದಲ್ಲಿ ಬೇರೊಂದು ಉದ್ದೇಶಕ್ಕಾಗಿ, ಎಂದರೆ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡುವುದಕ್ಕಾಗಿ, ರೂಪುಗೊಂಡಿದ್ದುದು. ಅರ್ಬುದದ ನೋವಿಗೆ ಹುಟ್ಟಿದ ಈ ಪದ್ಧತಿಯನ್ನು ಬೆನ್ನುಹುರಿಯ ಪೆಟ್ಟಿನವರಿಗೆ ಅನ್ವಯಿಸಿದುದು ಆಮೇಲಿನ ಮಾತು. ಆ ಎರಡು ನೋವುಗಳೂ ಒಂದೇ ಜಾತಿಯವಲ್ಲವೆಂಬುದನ್ನು ಮರೆಯಬಾರದು.

ಪಂಪಿನ ಆಕಾರವನ್ನು ಹೀಗೆ ಊಹಿಸಬಹುದು. ಅಂಗೈಯಗಲದ, ಎರಡು ಸೆಂಟಿಮೀಟರಿನಷ್ಟು ದಪ್ಪದ, ದುಂಡಗಿನ ಲೋಹದ ಬಿಲ್ಲೆ. ಒಳಗೆ ೨೦ ಅಥವಾ ೪೦ ಮಿಲಿಲೀಟರು ಔಷಧ ಹಿಡಿಯುವ ಕೋಶ. ಹೊಟ್ಟೆಯ ಒಂದು ಪಕ್ಕದಲ್ಲಿ ಚರ್ಮವನ್ನು ಸೀಳಿ ಚೀಲದಂತೆ ಎಡೆಮಾಡಿ ಇದನ್ನು ಇರಿಸುವರು. ಅದರಿಂದ ಹೊರಡುವ ಮೆತ್ತನೆಯ ಸಣ್ಣ ಕೊಳವೆಯು ಚರ್ಮದ ಕೆಳಗೇ ಪಕ್ಕೆಯನ್ನು ಬಳಸಿ ಬೆನ್ನಿಗೆ ಹೋಗಿ, ಬೆನ್ನೆಲುಬಿನ ಸಂದಿನಲ್ಲಿ ನುಗ್ಗಿ, ದ್ರವದೊಳಗೆ ತುದಿಯನ್ನು ಚಾಚಿಕೊಂಡಿರುವುದು. ಹೊರಗೆ ಏನೂ ಕಾಣದು. ತೆಳ್ಳಗಿನವರಲ್ಲಿ ಹೊಟ್ಟೆಯ ಮೇಲೊಂದು ಉಬ್ಬು ಮಾತ್ರ ತೋರುವುದು. ಪಂಪುಗಳಲ್ಲಿ ಎರಡು ಜಾತಿ. ಒಂದರಲ್ಲಿ ಮೈಯ ಬಿಸಿಗೆ ಹಿಗ್ಗುವ ಅನಿಲವು ಔಷಧದ ಕೋಶವನ್ನು ಒತ್ತುತ್ತಿರುವುದು. ಇದರ ವೇಗವನ್ನು ಬದಲಾಯಿಸಲಾಗದು, ಪ್ರಮಾಣವನ್ನು ಬದಲಿಸಬೇಕಾದರೆ ಔಷಧದ ಸಾಂದ್ರತೆಯನ್ನೇ ಬದಲಿಸಬೇಕು. ಇನ್ನೊಂದರಲ್ಲಿ ಬ್ಯಾಟರಿಯಿಂದ ನಡೆಯುವ ಸಣ್ಣ ಉರುಳೆಯು ಕೊಳವೆಯನ್ನು ಹಿಸುಕುತ್ತ ಹನಿಯನ್ನು ಮುಂದಕ್ಕೆ ತಳ್ಳುವುದು. ವೈದ್ಯನು ಹೊರಗಿನಿಂದ ಒಂದು ಯಂತ್ರವನ್ನು ಚರ್ಮದ ಮೇಲೆ ಹಿಡಿದು ಹಗಲಿಗೊಂದು ರಾತ್ರಿಗೊಂದು ಪ್ರಮಾಣವನ್ನು ಗೊತ್ತುಮಾಡಬಹುದು. ಎರಡನೆಯದು ಬೆಲೆಯುಳ್ಳದ್ದು. ಅದರ ಬ್ಯಾಟರಿಯು ಸುಮಾರು ಐದರಿಂದ ಏಳು ವರ್ಷ ಬಾಳುವುದು; ತೀರಿದ ಮೇಲೆ ಪಂಪನ್ನೇ ತೆಗೆದು ಹೊಸದನ್ನು ಇಡಬೇಕು.

ಹನಿ ನೀರಾವರಿಯನ್ನು ಬಲ್ಲ ನಮ್ಮ ಸೀಮೆಯ ರೈತನಿಗೆ ಇದರ ತತ್ತ್ವವನ್ನು ಹೆಚ್ಚಾಗಿ ಬಿಡಿಸಿ ಹೇಳಬೇಕಾಗಿಲ್ಲ. ನುಂಗಿದ ಮಾರ್ಫಿನ್ ಹೊಲಕ್ಕೆಲ್ಲ ಹಾಯಿಸಿದ ನೀರಿನಂತೆ. ಅದು ಕರುಳನ್ನು ಕಟ್ಟಿಸುವುದು, ತೂಕಡಿಕೆ ತರುವುದು, ಬುಡಕ್ಕೆ ಸೇರುವುದು ಸ್ವಲ್ಪ. ಪಂಪು ಬುಡಕ್ಕೇ ಹನಿಸುವುದು. ಬಾಯಿಯಿಂದ ಕೊಡುವ ೩೦೦ ಮಿಲಿಗ್ರಾಂ ಮಾರ್ಫಿನ್ ಮಾಡುವ ಕೆಲಸವನ್ನು ಬೆನ್ನಿನ ದ್ರವದಲ್ಲಿ ಸುಮಾರು ೧ ಮಿಲಿಗ್ರಾಂ ಮಾಡುವುದೆಂದು ವೈದ್ಯರು ಸ್ಥೂಲವಾಗಿ ಎಣಿಸುತ್ತಾರೆ. ಹನಿಯ ಕೊಳವೆಯು ಕಟ್ಟಿಕೊಳ್ಳುವಂತೆ, ಮಡಿಸಿಕೊಳ್ಳುವಂತೆ, ಕೀಲು ಬಿಚ್ಚಿಕೊಳ್ಳುವಂತೆ ಇದರಲ್ಲಿಯೂ ಆಗುವುದುಂಟು. ಹೊಲದಲ್ಲಾದರೆ ಬಗ್ಗಿ ನೋಡಿ ಸರಿಪಡಿಸಬಹುದು. ಇಲ್ಲಿ ಮತ್ತೆ ಮೈಯನ್ನು ಕೊಯ್ಯಬೇಕು.

ಇನ್ನು ಫಲವೇನೆಂಬುದನ್ನು ನೋಡೋಣ. ಬೆನ್ನುಹುರಿಯ ಪೆಟ್ಟಿನ ಉರಿಗೆ ಈ ಚಿಕಿತ್ಸೆಯು ಎಷ್ಟುಮಟ್ಟಿಗೆ ಉಪಕಾರಿಯೆಂಬುದಕ್ಕೆ ಆಧಾರಗಳು ನಾವು ಬಯಸುವಷ್ಟು ಇಲ್ಲ. ಪದೇ ಪದೇ ಉದಾಹರಿಸಲ್ಪಡುವ ಒಂದು ಪರೀಕ್ಷೆ ಆಸ್ಟ್ರೇಲಿಯದ ಸಿಡ್ಡಾಲ್ ಮತ್ತು ಸಂಗಡಿಗರು ೨೦೦೦ದಲ್ಲಿ ಪ್ರಕಟಿಸಿದುದು. ಹದಿನೈದು ಜನರಿಗೆ ಮಾರ್ಫಿನನ್ನೂ, ಕ್ಲಾನಿಡೀನ್ ಎಂಬ ಔಷಧವನ್ನೂ, ಬರಿಯ ಉಪ್ಪುನೀರನ್ನೂ, ಬಳಿಕ ಎರಡು ಔಷಧಗಳನ್ನು ಕೂಡಿಸಿಯೂ ಬೆನ್ನಿನ ದ್ರವಕ್ಕೆ ಕೊಟ್ಟು ನೋಡಿದರು. ಒಂದೊಂದನ್ನೇ ಕೊಟ್ಟಾಗ ಉಪ್ಪುನೀರಿಗಿಂತ ಗಣ್ಯವಾದ ಹೆಚ್ಚಳ ತೋರಲಿಲ್ಲ. ಕೂಡಿಸಿ ಕೊಟ್ಟಾಗ ತೋರಿತು. ಇದು ಕೆಲವು ಗಂಟೆಗಳ ಮಟ್ಟಿಗಿನ ಫಲವೇ ಹೊರತು ವರ್ಷಗಳದಲ್ಲ. ಆ ಪರೀಕ್ಷೆಯಲ್ಲಿ ಇನ್ನೊಂದು ವಿಷಯವು ಬೆಳಕಿಗೆ ಬಂದಿತು: ಪೆಟ್ಟಾದ ಸ್ಥಳದ ಮೇಲ್ಗಡೆಯ ದ್ರವದಲ್ಲಿ ಮಾರ್ಫಿನ್ ಎಷ್ಟು ಸೇರಿತ್ತೋ ಅದಕ್ಕೆ ಅನುಗುಣವಾಗಿ ನೋವು ತಗ್ಗಿತ್ತು. ಉರಿಯ ಮೂಲವು ಪೆಟ್ಟಿನ ಮೇಲ್ಗಡೆಯಲ್ಲಿರುವುದೆಂದು ಹಿಂದೆ ಹೇಳಿದುದಕ್ಕೆ ಇದು ಹೊಂದಿಕೊಳ್ಳುವುದು. ಪೆಟ್ಟಾದೆಡೆಯಲ್ಲಿ ಪೊರೆಗಳು ಅಂಟಿಕೊಂಡು ದ್ರವದ ಹರಿವು ಕಟ್ಟಿದ್ದರೆ, ಸೊಂಟದಲ್ಲಿ ಬಿಟ್ಟ ಔಷಧವು ಮೇಲೇರದೆ ಉಳಿದುಹೋಗುವುದು. ಆದುದರಿಂದ ಕೊಳವೆಯ ತುದಿ ಎಲ್ಲಿರಬೇಕೆಂಬುದನ್ನು ಮೊದಲೇ ವಿಚಾರಿಸಬೇಕು. ಸಮುದ್ರದ ಒಂದು ಬಗೆಯ ಶಂಖದ ಹುಳುವಿನ ವಿಷವನ್ನು ಅನುಸರಿಸಿ ತಯಾರಿಸಿದ ಜಿಕೊನೊಟೈಡ್ ಎಂಬ ಔಷಧಕ್ಕೆ ೨೦೦೪ರಲ್ಲಿ ಅಮೆರಿಕದ ಸರ್ಕಾರವು ಅನುಮತಿಯಿತ್ತಿತು. ಅದು ಅಫೀಮಿನ ಜಾತಿಯದಲ್ಲ, ಉಸಿರನ್ನು ಕುಂದಿಸುವುದಿಲ್ಲ. ಆದರೆ ಮನಸ್ಸಿನ ಸಮತೆಯನ್ನು ಕೆಡಿಸಬಲ್ಲುದು.

ಸೆಟೆತದ ಮಾತು ಬೇರೆ. ಷಿಕಾಗೋವಿನ ಪೆನ್ ಮತ್ತು ಕ್ರೋಯಿನ್ ಎಂಬವರು ೧೯೮೪ರಲ್ಲಿ ಬ್ಯಾಕ್ಲೊಫೆನ್ ಎಂಬ ಔಷಧವನ್ನು ಬೆನ್ನಿನ ದ್ರವಕ್ಕೆ ಕೊಟ್ಟು ಕಾಲುಗಳ ಸೆಟೆತವು ಸಡಿಲುವುದನ್ನು ತೋರಿಸಿದರು. ೧೯೯೨ರಲ್ಲಿ ಅಮೆರಿಕದಲ್ಲಿ ಅದನ್ನು ಪಂಪಿನಲ್ಲಿ ಬಳಸಲು ಅನುಮತಿ ದೊರೆಯಿತು. ಮಾತ್ರೆಗಳಿಗೆ ಬಗ್ಗದ ಸೆಟೆತಕ್ಕೆ ಇದು ಪಂಪಿನ ಅತ್ಯಂತ ಭದ್ರವಾದ ಉಪಯೋಗವೆಂದು ಹೇಳಬಹುದು. ಸೆಟೆತದಿಂದಲೇ ಹುಟ್ಟುವ ನೋವೂ ಇದರಿಂದ ಇಳಿಯುವುದು; ಆದರೆ ಮೇಲೆ ಹೇಳಿದ ಉರಿಯು ಇದರಿಂದ ಇಳಿಯುವುದೆಂದು ನಂಬಲಾಗದು. ನಮ್ಮ ಗೃಹಸ್ಥನ ಕಾಲುಗಳು ರಾತ್ರಿ ಸೆಟೆದು ಅವನನ್ನು ಎಬ್ಬಿಸುತ್ತಿದ್ದರೆ ಒಂದು ಉತ್ತರ. ಕಾಲುಗಳು ನಿಶ್ಚಲವಾಗಿ ಬಿದ್ದಿದ್ದು ಕೇವಲ ಉರಿಯುತ್ತಿದ್ದರೆ ಇನ್ನೊಂದು. ಪಂಪನ್ನು ಕುರಿತ ಬಹುಪಾಲು ನಿರಾಶೆಗಳು ಈ ಎರಡನ್ನೂ ಬೆರೆಸಿದುದರಿಂದ ಬಂದುವೆಂದೇ ನಮಗೆ ತೋರುತ್ತದೆ.

ಪಂಪಿನ ಮಾತೆತ್ತುವ ಮೊದಲು ನೋಡಿಕೊಳ್ಳಬೇಕಾದುವು ಅನೇಕವಿವೆ. ಸ್ಪರ್ಶವಿಲ್ಲದವನ ಮೈಯಲ್ಲಿ ಒತ್ತುಹುಣ್ಣು, ಮೂತ್ರಕೋಶದ ಕಲ್ಲು ಅಥವಾ ಸೋಂಕು, ಕಟ್ಟಿದ ಮಲ, ಉಗುರುಸುತ್ತು ಮೊದಲಾದುವು ಬೇರೆ ದಾರಿಯಿಲ್ಲದೆ ಸೆಟೆತವಾಗಿಯೂ ಹೆಚ್ಚಿದ ಉರಿಯಾಗಿಯೂ ಹೊರಬೀಳುವುವು. ಅವನ್ನು ವಾಸಿಮಾಡಿದರೆ ಅರ್ಧ ನೋವು ತಾನಾಗಿ ಇಳಿದ ನಿದರ್ಶನಗಳುಂಟು. ವರ್ಷಗಳ ಮೇಲೆ ಉರಿಯು ಹೊಸ ಕಡೆಗೆ, ಎಂದರೆ ಮೇಲಕ್ಕೆ, ಕೈಗಳ ಕಡೆಗೆ ಹಬ್ಬತೊಡಗಿದರೆ ಹುರಿಯೊಳಗೆ ನೀರಿನ ಗುಳ್ಳೆ ಬೆಳೆಯುತ್ತಿರಬಹುದು. ಅದನ್ನು ಎಂಆರ್‌ಐ ಚಿತ್ರದಿಂದ ಕಂಡುಹಿಡಿಯದೆ ನೋವನ್ನು ಮಾತ್ರ ಅಡಗಿಸುವುದು ಅಪಾಯ. ಹೆಗಲಿನ ನೋವಿಗೆ ಪಂಪು ಬೇಡ. ಗಾಲಿಕುರ್ಚಿಯ ಅಳತೆಯನ್ನು ಸರಿಪಡಿಸಿದರೆ ಎಷ್ಟೋ ವೇಳೆ ಸಾಕು. ನರದ ಉರಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲೀನ್ ಎಂಬ ಮಾತ್ರೆಗಳುಂಟು. ಇವು ಎರಡು ದಿನದಲ್ಲಿ ಫಲ ಕೊಡತಕ್ಕವಲ್ಲ. ಮೆಲ್ಲಮೆಲ್ಲನೆ ಏರಿಸಿ ವಾರಗಟ್ಟಲೆ ನೋಡಬೇಕು. ‘ಎಲ್ಲ ಮಾತ್ರೆಗಳೂ ಆದುವು’ ಎನ್ನುವವರಲ್ಲಿ ಸಾಕಷ್ಟು ಪ್ರಮಾಣವನ್ನು ಸಾಕಷ್ಟು ಕಾಲ ನುಂಗಿದವರು ಕಡಮೆ.

ನಮ್ಮ ಕಡೆ ಕೊರಟಗೆರೆಯ ಸಿದ್ಧರಬೆಟ್ಟವು ಗಿಡಮೂಲಿಕೆಗಳಿಗೆ ಹೆಸರಾದುದು. ಎಣ್ಣೆ ನೀವಿಸುವುದರಿಂದ ಹಾಯೆನಿಸುವುದಾದರೆ ಆಕ್ಷೇಪಣೆಯಿಲ್ಲ. ಆದರೆ ಬಿಸಿ ಇಟ್ಟಿಗೆಯಿಂದಲೋ ಕಾದ ಎಲೆಯಿಂದಲೋ ಶಾಖ ಕೊಡುವ ವಾಡಿಕೆಯನ್ನು ಸ್ಪರ್ಶವಿಲ್ಲದ ಕಾಲಿನ ಮೇಲೆ ಎಂದಿಗೂ ನಡಸಕೂಡದು. ಸುಟ್ಟರೂ ಅವನಿಗೆ ತಿಳಿಯದು. ಆ ಗಾಯವು ತಿಂಗಳುಗಟ್ಟಲೆ ಮಾಯದು.

ಈ ಸೀಮೆಗೆ ವಿಶೇಷವಾದ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಬೆನ್ನುಹುರಿಯು ಕೆಡುವುದಕ್ಕೆ ಬೀಳಲೇಬೇಕೆಂದಿಲ್ಲ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂಬುದು ಪ್ರಸಿದ್ಧ. ಶಿರಾ ಮಧುಗಿರಿಗಳ ಹಲವು ಊರುಗಳಲ್ಲಿಯೂ ಇದು ಕಂಡುಬಂದಿದೆ. ಲೀಟರಿಗೆ ೧.೫ ಮಿಲಿಗ್ರಾಂಗಿಂತ ಹೆಚ್ಚಿರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದನ್ನು ಮೀರಿದ ನೀರನ್ನು ಹತ್ತಿಪ್ಪತ್ತು ವರ್ಷ ಕುಡಿದವರಲ್ಲಿ ಎಲುಬುಗಳು ದಪ್ಪವಾಗಿ, ಬೆನ್ನೆಲುಬಿನ ಕಟ್ಟುನಾರುಗಳೂ ಎಲುಬಿನಂತೆ ಗಡುಸಾಗಿ, ಹುರಿಯಿರುವ ಕಾಲುವೆಯೇ ಕಿರಿದಾಗುವುದುಂಟು. ನಮ್ಮ ದೇಶದಲ್ಲಿ ಈ ರೋಗವನ್ನು ೧೯೩೭ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಮತ್ತು ಸಂಗಡಿಗರು ವರ್ಣಿಸಿದರು. ಬೆನ್ನು ಬಗ್ಗಲಾರದೆ ಸೆಟೆದು, ಕಾಲುಗಳು ಬಲಗುಂದಿ ಉರಿಯುವ ಮುದುಕರಿಗೆ ‘ವಯಸ್ಸಾಯಿತು’ ಎಂದು ಹೇಳಿ ಕಳುಹಿಸುವುದು ವಾಡಿಕೆ. ಅವರಲ್ಲಿ ಒತ್ತಡವನ್ನು ಬಿಡಿಸುವ ಶಸ್ತ್ರಕ್ರಿಯೆಗೆ ಅವಕಾಶವುಂಟೇ ಎಂಬುದನ್ನು ಮೊದಲು ನೋಡಬೇಕೇ ಹೊರತು ಪಂಪನ್ನಲ್ಲ. ಅಲ್ಲದೆ ಕಟ್ಟುನಾರುಗಳು ಕಲ್ಲಾದ ಬೆನ್ನಿನಲ್ಲಿ ಸೂಜಿಯನ್ನೂ ಕೊಳವೆಯನ್ನೂ ತೂರಿಸುವುದೇ ಕಷ್ಟ. ಮರದಿಂದ ಬಿದ್ದವನಿಗೂ ಅದೇ ಬಾವಿಯ ನೀರು. ಆದುದರಿಂದ ಅವನ ಬೆನ್ನನ್ನು ಪರೀಕ್ಷಿಸುವ ಬೆಂಗಳೂರಿನ ವೈದ್ಯನಿಗೆ ಊರಿನ ಹೆಸರನ್ನೂ ನೀರಿನ ಗುಣವನ್ನೂ ತಿಳಿಸುವುದು ಒಳ್ಳೆಯದು.

ಈಗ ದೂರದ ಮಾತಿಗೆ ಬರೋಣ. ಪಂಪಿನಲ್ಲಿ ೨೦ ಮಿಲಿಲೀಟರು ಔಷಧವಿದೆ, ದಿನಕ್ಕೆ ೦.೨ ಮಿಲಿಲೀಟರು ಹೋಗುವುದಾದರೆ ಅದು ನೂರು ದಿನಕ್ಕೆ ಬರುವುದು. ದಿನಕ್ಕೆ ೩೦೦ ಮೈಕ್ರೋಗ್ರಾಂ ಬ್ಯಾಕ್ಲೊಫೆನ್ ಬೇಕಾದವನಿಗೆ, ಮಿಲಿಲೀಟರಿಗೆ ೫೦೦ ಮೈಕ್ರೋಗ್ರಾಂ ಇರುವ ಔಷಧವಾದರೆ ದಿನಕ್ಕೆ ೦.೬ ಮಿಲಿಲೀಟರು ಬೇಕು. ಮೂವತ್ತಮೂರು ದಿನಕ್ಕೆ ಕೋಶ ಬರಿದು. ಅದೇ ಔಷಧವು ೨೦೦೦ ಮೈಕ್ರೋಗ್ರಾಂ ಸಾಂದ್ರತೆಯದಾದರೆ ನೂರಮೂವತ್ತಕ್ಕೂ ಹೆಚ್ಚು ದಿನ. ಪೂರ್ಣ ಬರಿದಾಗುವವರೆಗೆ ಕಾಯುವಂತಿಲ್ಲವಾದ್ದರಿಂದ ಈ ಲೆಕ್ಕದಲ್ಲಿ ಕೆಲವು ದಿನಗಳನ್ನು ಕಳೆಯಬೇಕು. ಹೀಗೆ ಯಾವ ಸಾಂದ್ರತೆಯ ಔಷಧ ದೊರೆಯುವುದೆಂಬುದರ ಮೇಲೆ ವರ್ಷಕ್ಕೆ ಮೂರು ಪ್ರಯಾಣವೋ ಹನ್ನೆರಡು ಪ್ರಯಾಣವೋ ಎಂಬುದು ನಿಲ್ಲುವುದು. ಶಸ್ತ್ರಕ್ರಿಯೆಗೆ ಒಪ್ಪುವ ಮುನ್ನ ಕೇಳಬೇಕಾದ ಪ್ರಶ್ನೆಗಳಲ್ಲಿ ಇದನ್ನು ಮೊದಲನೆಯದಾಗಿ ಇಟ್ಟುಕೊಳ್ಳಬೇಕು. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ತುಂಬುವ ಕೆಲಸ ನೋಡುವುದಕ್ಕೆ ಸಣ್ಣದು. ಚರ್ಮದ ಮೂಲಕ ಸೂಜಿಯನ್ನು ಪಂಪಿನ ನಡುವಣ ರಬ್ಬರಿನಂತಹ ಬಿಲ್ಲೆಗೆ ಚುಚ್ಚಿ, ಉಳಿದ ಔಷಧವನ್ನು ಸೆಳೆದು ಅಳೆದು, ಹೊಸದನ್ನು ತುಂಬುವರು. ಆದರೆ ಸೂಜಿಯು ಗುರಿ ತಪ್ಪಿ ಪಂಪಿನ ಹೊರಗೆ, ಚರ್ಮದ ಕೆಳಗೆ, ಔಷಧವನ್ನು ಸುರಿಸಿದರೆ ಮೂರು ತಿಂಗಳಿಗೆಂದು ತಂದ ಮಾರ್ಫಿನ್ ಕೆಲವು ಗಂಟೆಗಳಲ್ಲಿ ಮೈಗೆ ಏರಿ ಉಸಿರು ನಿಲ್ಲಬಹುದು. ಆದುದರಿಂದ ಅಭ್ಯಾಸವುಳ್ಳವರೇ ಮಾಡಬೇಕಾದ ಕಾರ್ಯವಿದು. ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವಂಥದಲ್ಲ, ಬೆಂಗಳೂರಿಗೆ ಹೋಗಬೇಕಾಗುವುದು. ಶಿರಾದಿಂದ ಬೆಂಗಳೂರು ಸುಮಾರು ೧೨೦ ಕಿಲೋಮೀಟರು, ಪಾವಗಡದಿಂದ ಸುಮಾರು ೧೫೦. ನೆಟ್ಟಗೆ ಕೂರಲಾರದವನಿಗೆ ಬಸ್ಸು ಆಗದು; ಬಾಡಿಗೆಯ ಕಾರು, ಜೊತೆಗೆ ಇಬ್ಬರು, ಇಬ್ಬರ ಒಂದು ದಿನದ ಕೂಲಿ. ಹೋಗಿಬರುವ ಏಳೆಂಟು ಗಂಟೆ ಒಂದೇ ಭಂಗಿಯಲ್ಲಿ ಕುಳಿತರೆ ಒತ್ತುಹುಣ್ಣು. ಪಾವಗಡಕ್ಕೆ ಬಹುಪಾಲು ಸುತ್ತಲೂ ಆಂಧ್ರಪ್ರದೇಶ. ಅಲ್ಲಿಯವರು ಚಿಕಿತ್ಸೆಗೆ ಆ ಕಡೆಯ ಪಟ್ಟಣಗಳಿಗೂ ಹೋಗುತ್ತಾರೆ. ಪಂಪಿರುವವನಾದರೋ ತಾನು ಎಲ್ಲಿ ಇಡಿಸಿಕೊಂಡನೋ ಅಲ್ಲಿಗೆ, ಅಥವಾ ಅದೇ ಪಂಪಿನ ಯಂತ್ರವಿರುವಲ್ಲಿಗೆ, ಹೋಗಲೇಬೇಕು.

ತಪ್ಪಿದರೆ ಏನಾಗುವುದು? ಮಾರ್ಫಿನ್ ತಟ್ಟನೆ ನಿಂತರೆ ಬೆವರು, ಭೇದಿ, ನಡುಕ, ತಡೆಯಲಾರದ ನೋವು. ಬಹಳ ಕಷ್ಟ, ಆದರೆ ಸಾಮಾನ್ಯವಾಗಿ ಪ್ರಾಣಾಂತಿಕವಲ್ಲ. ಬ್ಯಾಕ್ಲೊಫೆನ್ ತಟ್ಟನೆ ನಿಂತರೆ ಹಾಗಲ್ಲ. ಮೊದಲು ಮೈಯೆಲ್ಲ ತುರಿಕೆ. ಸೆಟೆತವು ಮೊದಲಿಗಿಂತಲೂ ಹೆಚ್ಚಾಗುವುದು. ಬಳಿಕ ಸುಡುವ ಜ್ವರ, ಬುದ್ಧಿಭ್ರಮಣೆ, ಅಪಸ್ಮಾರದಂತಹ ಸೆಳೆತ. ಚಿಕಿತ್ಸೆ ದೊರೆಯದಿದ್ದರೆ ಮರಣವೂ ಸಂಭವಿಸಿದೆ. ಇದನ್ನು ಕಂಡ ಗ್ರಾಮಾಂತರದ ವೈದ್ಯನು ಸೋಂಕಿನ ಜ್ವರವೆಂದು ತಿಳಿಯುವುದು ಸಹಜ. ಕೊಳವೆಯು ಒಳಗೇ ತುಂಡಾದಾಗಲೂ ಹೀಗೆಯೇ ಆಗುವುದಾದ್ದರಿಂದ, ದಿನ ತಪ್ಪದೆ ತುಂಬಿಸಿಕೊಂಡವನೂ ಈ ಭಯದಿಂದ ಪೂರ್ಣ ಮುಕ್ತನಲ್ಲ.

ಇತರ ತೊಡಕುಗಳನ್ನು ಚಿಕ್ಕದಾಗಿ ಹೇಳಿದರೆ ಸಾಕು. ಪಂಪಿನ ಎಡೆಯಲ್ಲಿ ಕೀವಾದರೆ ಎಲ್ಲವನ್ನೂ ತೆಗೆಯಬೇಕು. ಅದು ಬೆನ್ನಿನ ದ್ರವಕ್ಕೆ ಏರಿದರೆ ಮಿದುಳುಜ್ವರ. ಸಾಂದ್ರವಾದ ಮಾರ್ಫಿನ್ ಬಹುಕಾಲ ಹನಿದಲ್ಲಿ ಕೊಳವೆಯ ತುದಿಯಲ್ಲಿ ಗಂಟು ಬೆಳೆದು ಹುರಿಯನ್ನೇ ಒತ್ತುವುದುಂಟು. ಗಂಡಸರಲ್ಲಿ ಪುರುಷತ್ವದ ಸ್ರಾವವು ಕುಂದುವುದು, ಕಾಲು ಊದುವುದು, ಪ್ರಮಾಣವು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುವುದು ಅನುಭವದಲ್ಲಿದೆ. ಅನುಮತಿಯಿಲ್ಲದ ಔಷಧಗಳನ್ನು ಪಂಪಿಗೆ ಬೆರಸಿ ತುಂಬುವುದರಿಂದಾಗುವ ಅಪಾಯಗಳನ್ನು ಕುರಿತು ಅಮೆರಿಕದ ಔಷಧನಿಯಂತ್ರಣ ಇಲಾಖೆಯು ೨೦೧೮ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಇಷ್ಟು ಕೇಳಿದ ವಾಚಕರು, ಹಾಗಾದರೆ ಬಾಯಿಯಿಂದ ಕೊಡುವ ಮಾರ್ಫಿನನ್ನಾದರೂ ಕೊಟ್ಟು ನೋಡಿದ್ದಾರೆಯೇ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅಫೀಮು ನಮ್ಮ ದೇಶದಲ್ಲಿಯೇ ಸರ್ಕಾರದ ಅಪ್ಪಣೆಯಿಂದ ಬೆಳೆಯುವ ಪದಾರ್ಥ. ಗಾಜೀಪುರ, ನೀಮಚ್‌ಗಳಲ್ಲಿ ಅದರ ಕಾರ್ಖಾನೆಗಳಿವೆ. ಹಾಗಿದ್ದರೂ ೧೯೮೫ರ ಮಾದಕವಸ್ತುಗಳ ಶಾಸನವು ಬಂದ ಮೇಲೆ ಲೈಸನ್ಸುಗಳ ತೊಡಕಿಗೂ ಶಿಕ್ಷೆಯ ಭಯಕ್ಕೂ ಬೇಸತ್ತು ಬಹುಪಾಲು ಆಸ್ಪತ್ರೆಗಳು ಮಾರ್ಫಿನನ್ನೇ ಇಡದೆ ಹೋದುವು. ೨೦೧೪ರ ತಿದ್ದುಪಡಿಯು ಈ ತೊಡಕನ್ನು ಸಡಿಲಿಸಿ, ಮನ್ನಣೆ ಪಡೆದ ವೈದ್ಯಸಂಸ್ಥೆಗಳು ಅದನ್ನು ಇಟ್ಟು ಕೊಡುವುದಕ್ಕೆ ದಾರಿಮಾಡಿತು. ಆದರೂ ಅದು ದೊರೆಯುವುದು ಹೆಚ್ಚಾಗಿ ಅರ್ಬುದದ ಆಸ್ಪತ್ರೆಗಳಲ್ಲಿ. ನರದ ಉರಿಗೆ ಬಾಯಿಯ ಮಾರ್ಫಿನ್ ಮೊದಲ ಔಷಧವೇನೂ ಅಲ್ಲ, ಅಭ್ಯಾಸ ಬೀಳುವ ಭಯವೂ ಸುಳ್ಳಲ್ಲ. ಆದರೂ ಕೆಲವು ರೂಪಾಯಿಗಳ ಮಾತ್ರೆಯನ್ನು ನೋಡದೆ ಲಕ್ಷಗಳ ಪಂಪಿಗೆ ಹಾರುವುದು ನಮಗೆ ವಿಚಿತ್ರವಾಗಿ ತೋರುತ್ತದೆ.

ಅಣ್ಣನ ಪ್ರಶ್ನೆ ಹಾಗೆಯೇ ಉಳಿದಿದೆ. ನಾವು ಹೇಳಬಹುದಾದುದಿಷ್ಟು. ಜಮೀನನ್ನು ಈಗ ಮಾರಬೇಡ. ತಮ್ಮನನ್ನು ಒಮ್ಮೆ ಬೆಂಗಳೂರಿನ ನಿಮ್ಹಾನ್ಸಿನಂತಹ, ನರರೋಗಗಳ ಪುನರ್ವಸತಿಯ ವಿಭಾಗವುಳ್ಳ ಸಂಸ್ಥೆಗೆ ಕರೆದುಕೊಂಡುಹೋಗಿ, ನೋವು ಯಾವ ಜಾತಿಯದೆಂಬುದನ್ನೂ, ಹುರಿಯೊಳಗೆ ಗುಳ್ಳೆಯುಂಟೇ ದ್ರವದ ದಾರಿ ಕಟ್ಟಿದೆಯೇ ಎಂಬುದನ್ನೂ ತಿಳಿದುಕೋ. ಪಂಪನ್ನು ಇಡುವ ಮೊದಲು ಅದೇ ಔಷಧವನ್ನು ಬೆನ್ನಿಗೆ ಸೂಜಿಯಿಂದ ಕೊಟ್ಟು, ಆಸ್ಪತ್ರೆಯಲ್ಲಿಯೇ ಇಟ್ಟುಕೊಂಡು ನೋಡುವ ಪರೀಕ್ಷೆಯುಂಟು. ಅದಿಲ್ಲದೆ ಯಾರೂ ಪಂಪಿಡಕೂಡದು. ಪರೀಕ್ಷೆಗೆ ಮುನ್ನ ಹದಿನೈದು ದಿನ, ಬೆಳಿಗ್ಗೆ ಸಂಜೆ, ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಟ್ಟು ಮಕ್ಕಳ ನೋಟುಬುಕ್ಕಿನಲ್ಲಿ ಬರೆದಿಡಿಸು. ರಾತ್ರಿ ಎಷ್ಟು ಸಲ ಎಚ್ಚರವಾಯಿತೆಂಬುದನ್ನೂ ಬರೆಯಿಸು. ಪರೀಕ್ಷೆಯ ದಿನ ಅಂಕವು ಅರ್ಧಕ್ಕೆ ಇಳಿಯದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಇಳಿದರೂ ಅದು ಒಂದು ದಿನದ ಇಳಿತ. ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡುವರೇ ಎಂದು ಕೇಳು. ಆಮೇಲೆ ಪಂಪಿನ ಬೆಲೆಗೆ, ತುಂಬುವ ಔಷಧದ ಬೆಲೆಯನ್ನೂ, ವರ್ಷದ ಪ್ರಯಾಣಗಳನ್ನೂ, ಆರೇಳು ವರ್ಷಕ್ಕೆ ಬರುವ ಎರಡನೆಯ ಪಂಪನ್ನೂ ಕೂಡಿಸಿ ಲೆಕ್ಕ ಹಾಕು. ಬಡಕುಟುಂಬಗಳಿಗೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯುಂಟು. ಪಂಪೂ ತುಂಬುವಿಕೆಯೂ ಅದರೊಳಗೆ ಬರುವುದೋ ಇಲ್ಲವೋ ಎಂಬುದನ್ನು ಬಾಯಿಮಾತಿನಿಂದಲ್ಲ, ಬರಹದಲ್ಲಿ ಪಡೆದುಕೋ.

ಇಷ್ಟರ ಮೇಲೆಯೂ ಪಂಪನ್ನು ಇಡಿಸಿದರೆ, ಪಂಪಿನ ಹೆಸರು, ಔಷಧ, ಸಾಂದ್ರತೆ, ದಿನದ ಪ್ರಮಾಣ, ಮುಂದೆ ತುಂಬಬೇಕಾದ ತಾರೀಖು, ತುಂಬುವ ವೈದ್ಯರ ದೂರವಾಣಿ, ಇವಿಷ್ಟನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಿಸಿದ ಚೀಟಿಯೊಂದು ರೋಗಿಯ ಜೇಬಿನಲ್ಲಿ ಸದಾ ಇರತಕ್ಕದ್ದು. ಅದರ ಇನ್ನೊಂದು ಪ್ರತಿಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ, ಮೂರನೆಯದನ್ನು ತಾಲ್ಲೂಕು ಆಸ್ಪತ್ರೆಗೂ ಕೊಟ್ಟು, ತುರಿಕೆಯೂ ಜ್ವರವೂ ಕೂಡಿ ಬಂದಲ್ಲಿ ಬ್ಯಾಕ್ಲೊಫೆನ್ ಮಾತ್ರೆಗಳನ್ನು ಕೂಡಲೇ ಆರಂಭಿಸಿ, ಪಂಪಿಟ್ಟ ವೈದ್ಯರಿಗೆ ತಿಳಿಸಿ, ರೋಗಿಯನ್ನು ಆಂಬ್ಯುಲೆನ್ಸಿನಲ್ಲಿ ಬೆಂಗಳೂರಿಗೆ ಸಾಗಿಸಬೇಕೆಂಬುದನ್ನು ಅದರಲ್ಲಿಯೇ ಬರೆಯಿಸಿರಬೇಕು. ಮನೆಯಲ್ಲಿ ಅಂತಹ ಮಾತ್ರೆಗಳ ಒಂದು ಪಟ್ಟಿಯನ್ನು ಅವಧಿ ಮೀರದಂತೆ ನೋಡಿಕೊಂಡು ಇಟ್ಟಿರುವುದೂ ಅವಶ್ಯ.